ಗುಂಪಿಗೆ ಸೇರದ ಟ್ಯೂಬು

ಇದರಲ್ಲಿ ಒಂದಕ್ಷರ ಸುಳ್ಳಿದ್ದರೂ ನನ್ನ ಬಾಯಿಗೆ ನೀವೇ ಬೀಗ ಹಾಕಿ.

ಅವಳು ಫ್ರೀಜರ್ ಬಾಗಿಲನ್ನು ಧಡಾರನೆ ಮುಚ್ಚಿದಾಗ ಒಳಗೆ ಸಿಕ್ಕಿಕೊಂಡದ್ದು ಅವನ ಕೊರಳಲ್ಲಿದ್ದ ಐಡಿ ಕಾರ್ಡು.

"ಬಾಗಿಲು ತೆಗೆದಿಟ್ಕೊಂಡು ಭಾಷಣ ಮಾಡೋಕೆ ಇದೇನು ನಿಮ್ಮನೆ ಬೀರುನಾ?"

ಮೈನಸ್ ಎಂಬತ್ತು ಡಿಗ್ರಿಯ ಫ್ರೀಜರ್ ಅದು. ಒಳಗೆ ನೂರಾರು ಹೆಂಗಸರ ರಕ್ತದ ಟ್ಯೂಬುಗಳು. ಕೆಲವರ ಅಂಡಾಶಯ ವಯಸ್ಸಿಗೆ ಮುಂಚೆಯೇ ಏಕೆ ದಣಿಯುತ್ತದೆ ಎಂದು ಹುಡುಕುವುದು ಅವಳ ಸಂಶೋಧನೆ. ಲ್ಯಾಬಿನವರು ಅವಳನ್ನು ಮೈನಸ್ ಮೇಡಂ ಎನ್ನುತ್ತಿದ್ದರು. ಅವನು ಅಂಕಿಸಂಖ್ಯೆ ನೋಡಲು ಹೊಸದಾಗಿ ಬಂದವನು. ಮಧ್ಯಾಹ್ನದೊಳಗೆ ಅವನಿಗೂ ಸರಾಸರಿ ಸಾರ್ ಎಂದು ನಾಮಕರಣವಾಗಿತ್ತು.

ಒಮ್ಮೆ ಮುಚ್ಚಿದ ಮೇಲೆ ಒಳಗಿನ ಚಳಿ ಸರಿಹೋಗುವ ತನಕ ಆ ಬಾಗಿಲು ತೆರೆಯುವಂತಿಲ್ಲ. ಹಾಗಾಗಿ ಅವನು ಗೂಟಕ್ಕೆ ಕಟ್ಟಿದ ಕರುವಿನಂತೆ ನಿಂತ. ಅವಳೂ ಕಾವಲಿಗೆ ನಿಂತಳು. ದಾರವನ್ನು ತಲೆಯ ಮೇಲಿಂದ ತೆಗೆದರಾಯಿತು ಎಂಬುದು ಇಬ್ಬರಿಗೂ ಹೊಳೆಯಲಿಲ್ಲ.

ಇಬ್ಬರೂ ಪಿಎಚ್‌ಡಿ.

ಬಿಡುಗಡೆಯಾಗುವ ಹೊತ್ತಿಗೆ ಅವನು ಅವಳನ್ನು ನಗಿಸಿದ್ದ. ಆ ಲ್ಯಾಬಿನ ಇತಿಹಾಸದಲ್ಲಿ ಫ್ರೀಜರ್ ತಾನಾಗಿಯೇ ಎರಡು ಡಿಗ್ರಿ ಏರಿದ್ದು ಅಂದೇ.

ಆಮೇಲೆ ಅವನಿಗೆ ದಿನವೂ ಏನಾದರೊಂದು ಅನುಮಾನ ಬರತೊಡಗಿತು, ದಿನವೂ ಅದನ್ನು ಅವಳೇ ಬಗೆಹರಿಸಬೇಕಾಯಿತು. ಒಂದು ಸಂಜೆ ಅವನ ಅಕ್ಕನ ಅವಳಿ ಮಕ್ಕಳು ಲ್ಯಾಬಿಗೆ ಬಂದು, ಅವನ ಬೆನ್ನೇರಿ, ಪೆನ್ನಿನಿಂದ ಮೀಸೆ ಬರೆದರು. ಅವನು ಅದೇ ಮೀಸೆಯಲ್ಲಿ ಗಂಭೀರವಾಗಿ ಗ್ರಾಫು ವಿವರಿಸಿದ.

ಅವಳು ಗ್ರಾಫು ನೋಡಲಿಲ್ಲ. 'ಇವನು ಅಪ್ಪ ಆಗೋಕೇ ಹುಟ್ಟಿದವನು...' ಎಂದುಕೊಂಡಳು. ಎದೆಯಲ್ಲಿ ಏನೋ ಸಿಹಿಯಾಗಿ ಕದಲಿತು.

ಮರುವಾರ ಮೀಟಿಂಗು. ಪರದೆಯ ಮೇಲೆ, ಹೋಲಿಕೆಗೆಂದು ರಕ್ತ ಕೊಟ್ಟ ಆರೋಗ್ಯವಂತ ಹೆಂಗಸರ ಗುಂಪು. ಹೆಸರುಗಳಿಲ್ಲ, ಬರೀ ನಂಬರು. ಅಂಡಾಶಯದ ಹಾರ್ಮೋನು ತೋರಿಸುವ ಚುಕ್ಕಿಗಳೆಲ್ಲ ಒಟ್ಟಿಗೆ ಮೇಲಿದ್ದವು; ಒಂದು ಮಾತ್ರ ಪಾತಾಳದಲ್ಲಿತ್ತು.

"ನಲವತ್ತೊಂದು ಈ ಗುಂಪಿಗೆ ಸೇರಿದ್ದಲ್ಲ. ತೆಗೆದುಬಿಡೋಣ" ಎಂದ ಅವನು.

ಅವಳು ಪರದೆಯ ಮೇಲಿನ ಆ ನಂಬರನ್ನು ಮತ್ತೊಮ್ಮೆ ಓದಿಕೊಂಡಳು.

ಆ ಗುಂಪಿಗೆ ರಕ್ತ ಕೊಡುವವರು ಸಾಲದಿದ್ದಾಗ, ಸಂಶೋಧಕರು ಮಾಡುವಂತೆ, ಅವಳೂ ತನ್ನ ತೋಳನ್ನೇ ಚಾಚಿದ್ದಳು. ನಲವತ್ತೊಂದು ಎಂಬ ಚೀಟಿ ಅಂಟಿಸಿದ್ದೂ ಅವಳೇ. ತಾನು ಆರೋಗ್ಯವಂತಳು ಎಂಬುದರಲ್ಲಿ ಅವಳಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ!

ಅವನಿಗೆ ಗೊತ್ತಿಲ್ಲ ಎಂದು ಬುದ್ಧಿ ಹೇಳಿತು. ಮನಸ್ಸು ಬುದ್ಧಿಯ ಮಾತು ಕೇಳಿದ್ದು ಯಾವಾಗ? ತೆಗೆದುಬಿಡೋಣ... ತೆಗೆದುಬಿಡೋಣ... ಗೊತ್ತಾದರೂ ಇದನ್ನೇ ಅನ್ನುತ್ತಾನೆ!

ಅಂದಿನಿಂದ ಅವಳಿಗೆ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ತೊಳೆದ ಗಾಜನ್ನೇ ಮತ್ತೆ ತೊಳೆದಳು. ಪಕ್ಕದ ಆಸ್ಪತ್ರೆಯ ಡಾಕ್ಟರಮ್ಮನ ಕೋಣೆಯ ಬಾಗಿಲವರೆಗೆ ಹೋಗಿ, ಚಪ್ಪಲಿ ಸರಿಮಾಡಿಕೊಂಡವಳಂತೆ ನಟಿಸಿ ಹಿಂದಿರುಗಿದಳು. ಅವನ ಅನುಮಾನಗಳಿಗೆ ಉತ್ತರ ಇಮೇಲಿನಲ್ಲಿ ಬರತೊಡಗಿತು. ನಾನೇನು ತಪ್ಪು ಮಾಡಿದೆ ಎಂದು ಅವನು ಲ್ಯಾಬಿನವರನ್ನೆಲ್ಲ ಕೇಳಿದ. ಪ್ರತಿಯೊಬ್ಬರೂ ಬೇರೆ ಬೇರೆ ತಪ್ಪು ಹೇಳಿದರು.

ಕೊನೆಗೆ ಅವನೇ ಬಂದು ಲ್ಯಾಬಿನ ಬಾಗಿಲಿಗೆ ಅಡ್ಡ ನಿಂತ.

"ನನ್ನ ಮೇಲಿನ ಕೋಪ ಆಮೇಲೆ ತೀರಿಸ್ಕೊಳ್ಳಿ. ಆ ನಲವತ್ತೊಂದು ಯಾರು ಅಂತ ನನಗೆ ಹೇಳ್ಬೇಡಿ. ಆದ್ರೆ ಆಯಮ್ಮನಿಗೆ ಯಾರಾದ್ರೂ ಹೇಳಿದ್ರಾ?"

"ನೀವೇ ತೆಗೆದುಬಿಡೋಣ ಅಂದ್ರಲ್ಲ."

"ಲೆಕ್ಕದಿಂದ ತೆಗಿಯೋಣ ಅಂದೆ. ಅವರಿಗೆ ಬೇಕಾಗಿರೋದು ಡಾಕ್ಟರು, ನಮ್ಮ ಗ್ರಾಫಲ್ಲ. ಫೋನಲ್ಲಿ ಹೇಳ್ಬೇಡಿ. ಪಕ್ಕದಲ್ಲಿ ಕೂತ್ಕೊಂಡು ಹೇಳಿ... ಒಬ್ಬರೇ ಇದ್ದಾಗ ಕೇಳೋ ಸುದ್ದಿ ಅಲ್ಲ ಅದು."

ಅವಳು ತೊಳೆಯುತ್ತಿದ್ದ ಗಾಜನ್ನು ಪಕ್ಕಕ್ಕಿಟ್ಟು ಕೂತಳು.

"ಒಬ್ಬಳೇ ಇದ್ದಾಗಲೇ ಕೇಳಿಸ್ಕೊಂಡೆ" ಎಂದಳು. "ಆ ಮೀಟಿಂಗಲ್ಲಿ. ಅಷ್ಟು ಜನರ ಮಧ್ಯೆ."

ಅವನು ಬಾಗಿಲು ಬಿಟ್ಟು ಒಳಗೆ ಬಂದ. ಕುರ್ಚಿ ಎಳೆದುಕೊಂಡು ಅವಳ ಪಕ್ಕದಲ್ಲಿ ಕೂತ.

"ನನಗೆ ಮಕ್ಕಳಾಗದೇ ಇರಬಹುದು."

"ಇರಬಹುದು" ಎಂದ. ಸುಳ್ಳು ಸಮಾಧಾನ ಹೇಳಲಿಲ್ಲ. ಅದಕ್ಕೇ ಅವಳಿಗೆ ಅಳು ಬಂತು.

"ನಿಮಗೆ ಮಕ್ಕಳು ಅಂದ್ರೆ ಪ್ರಾಣ."

"ಅಕ್ಕನ ಮಕ್ಕಳನ್ನ ಸಂಜೆಯಾದ್ರೆ ವಾಪಸ್ ಕೊಟ್ಟುಬಿಡ್ತೀನಿ. ನಿಮ್ಮನ್ನ ವಾಪಸ್ ಕೊಡೋ ಯೋಚನೆ ಇಲ್ಲ."

ಅವಳು ಅಳುತ್ತಲೇ ನಕ್ಕಳು. ಅಷ್ಟೇ ಸಾಕಾಗಿತ್ತು, ಆದರೆ ಸರಾಸರಿ ಸಾರ್ ವಿವರಣೆಗಿಳಿದರು.

"ಒಂದೇ ಸಲದ ಅಳತೆ ನಂಬೋ ಹಾಗಿಲ್ಲ. ಇನ್ನೊಂದ್ಸಲ ನೋಡ್ಬೇಕು. ವಯಸ್ಸನ್ನೂ ಸೇರಿಸಿ ಲೆಕ್ಕ ಹಾಕಿದ್ರೆ, ಆವಾಗ ಅದರ..."

ಅವಳು ಕೋಟು ಕಳಚಿಟ್ಟು ಹೊರಟೇಬಿಟ್ಟಳು.

"ಎಲ್ಲಿಗೆ? ನಾನಿನ್ನೂ ಮುಗಿಸಿಲ್ಲ."

"ಡಾಕ್ಟರಮ್ಮನ ಹತ್ರ. ಒಬ್ಬಳೇ ಆ ಬಾಗಿಲು ದಾಟೋಕೆ ಆಗ್ತಿಲ್ಲ."

"ನಾನೂ ಒಳಗೆ ಬರಲಾ?"

ಅವಳು ತಿರುಗಿ ನೋಡದೆ ಒಂದು ಕೈಯನ್ನು ಹಿಂದಕ್ಕೆ ಚಾಚಿದಳು.

"ಬಾ. ಉಳಿದದ್ದು ದಾರೀಲಿ ಹೇಳು."