ಕೊಂಬು ಮೂಡಿದ ಮಹಾಸಭೆ

ಹಿಂದೆ, ನವಿಲುಗಳು ಮನುಷ್ಯರ ಜೊತೆ ಮಾತಾಡುತ್ತಿದ್ದ ಕಾಲದಲ್ಲಿ, ಹಂಸಾವರ ಎಂಬ ರಾಜ್ಯವಿತ್ತು. ಅಲ್ಲಿ ರಾಜನಿದ್ದ, ಆದರೆ ಕಾನೂನು ಮಾಡುವವನು ರಾಜನಲ್ಲ. ಮೇಲ್ನಾಡಿನವರೂ ಕೆಳನಾಡಿನವರೂ ತಮ್ಮ ತಮ್ಮ ಊರಿನ ತಿಳಿದವರನ್ನು ಆರಿಸಿ ಮಹಾಸಭೆಗೆ ಕಳಿಸುತ್ತಿದ್ದರು. ಸಭೆ ಹೇಳಿದ್ದೇ ಕಾನೂನು. ರಾಜಧಾನಿಯ ನೆತ್ತಿಯ ಮೇಲೆ ಒಂದು ದೊಡ್ಡ ಕೆರೆ. ಅದರ ತೂಬಿನ ಬಂಡೆಗೆ ಕಿವಿಯಿತ್ತು. ಮಹಾಸಭೆ ಒಕ್ಕೊರಲಿನಿಂದ "ತೆರೆ" ಎಂದರೆ ಮಾತ್ರ ಅದು ತೆರೆಯುತ್ತಿತ್ತು.

ಆ ವರ್ಷ ಮಳೆ ನಿಲ್ಲಲೇ ಇಲ್ಲ. ಕೆರೆಯ ನೀರು ಏರಿಯ ಅಂಚಿಗೆ ಬಂತು. ತೂಬು ತೆರೆದರೆ ಕೆಳನಾಡಿನ ಮನೆಗಳು ಮುಳುಗುತ್ತವೆ. ತೆರೆಯದಿದ್ದರೆ ಏರಿಯೇ ಒಡೆದು ಎಲ್ಲರೂ ಹೋಗುತ್ತಾರೆ.

ಅಂಥ ಹೊತ್ತಿನಲ್ಲಿ ಕೆಳನಾಡಿನಿಂದ ಪದುಮಲೆ ಎಂಬ ಹುಡುಗಿ ಹೊಸದಾಗಿ ಸಭೆಗೆ ಬಂದಳು. ಅವಳನ್ನು ಕರೆತಂದವರು ಚಾವುಂಡಯ್ಯ. ಅವರು ಸಭೆಯ ಹಿರಿಯ ಸದಸ್ಯರು, ಅವಳಿಗೆ ಅಕ್ಷರ ಕಲಿಸಿದ ಗುರುಗಳು. ಇರುವೆ ಸಾಲು ಕಂಡರೂ ಸುತ್ತು ಹಾಕಿ ನಡೆಯುವಷ್ಟು ಮೆದು ಮನುಷ್ಯ.

"ಹೆದರಬೇಡ ಮಗಳೇ," ಎಂದರು ಅವರು. "ಇಲ್ಲಿ ಮಾತೇ ನಮ್ಮ ಆಯುಧ."

ಸಭೆ ಶುರುವಾಯಿತು. ಚಾವುಂಡಯ್ಯ ಎದ್ದು, "ಕೆಳನಾಡಿನ ಜನ ಗುಡ್ಡ ಹತ್ತುವವರೆಗೆ ತೂಬು ತೆರೆಯಬಾರದು," ಎಂದರು.

ಎದುರು ಸಾಲಿನಿಂದ ಮೇಲ್ನಾಡಿನ ಎರೆಯಪ್ಪ ಎದ್ದ. "ಅಷ್ಟರಲ್ಲಿ ಏರಿ ಒಡೆದರೆ ನಿನ್ನಪ್ಪ ಬಂದು ಕಟ್ಟುತ್ತಾನೇನು?"

"ಅಪ್ಪನ ಸುದ್ದಿಗೆ ಬರಬೇಡ!"

"ಬಂದರೆ ಏನು ಮಾಡುತ್ತೀ?"

ಮುಂದೆ ಆದದ್ದನ್ನು ಪದುಮಲೆಗೆ ನಂಬಲಾಗಲಿಲ್ಲ. ಚಾವುಂಡಯ್ಯ ಬಗ್ಗಿದರು. ಪಾದುಕೆ ಕೈಗೆತ್ತಿಕೊಂಡರು. ಎರೆಯಪ್ಪನ ಬಾಯಿಗೆ ಬೀಸಿ ಹೊಡೆದರು. ಹಲ್ಲೊಂದು ಹಾರಿ ಅವಳ ಮಡಿಲಿಗೆ ಬಿತ್ತು.

ಮರುಕ್ಷಣ ಇಡೀ ಸಭೆ ಎದ್ದಿತು. ಒಬ್ಬ ಪೀಠ ಎತ್ತಿ ಎಸೆದ. ಒಬ್ಬ ಇನ್ನೊಬ್ಬನ ರುಮಾಲನ್ನೇ ಅವನ ಕತ್ತಿಗೆ ಬಿಗಿದ. ಬಿಳಿಗಡ್ಡದ ಮುದುಕರು ನೆಲದ ಮೇಲೆ ಹೊರಳಾಡಿ ಕಚ್ಚಾಡಿದರು. ಪದುಮಲೆ ನಿಲ್ಲಿಸಿ ಎಂದು ಕೂಗಿದಳು, ಯಾರೂ ಕಿವಿಗೊಡಲಿಲ್ಲ.

ಆಗ ಸಿಡಿಲು ಹೊಡೆಯಿತು. ಕೈ ಎತ್ತಿದವರ ತಲೆಯಲ್ಲೆಲ್ಲ ಕೊಂಬು ಮೂಡಿತು, ಬೆರಳುಗಳು ಗೊರಸಾದವು. ಮಹಾಸಭೆಯ ತುಂಬ ಟಗರುಗಳು ಒಂದಕ್ಕೊಂದು ಗುದ್ದಾಡುತ್ತಿದ್ದವು. ಅವುಗಳಲ್ಲಿ ಒಂದರ ಕತ್ತಿನಲ್ಲಿ ಚಾವುಂಡಯ್ಯನವರ ಶಾಲಿತ್ತು.

ಸಭಾಪತಿ ದೇಕಣ್ಣ ಮಾತ್ರ ಪೀಠದ ಕೆಳಗೆ ಅಡಗಿ ಕೂತಿದ್ದರು.

"ಇದು ಕರಾಳಕಂಠನ ಮಾಟ," ಎಂದರು ಅವರು. "ಆ ಮಾಂತ್ರಿಕ ರಾಜ್ಯವನ್ನೇ ಕೇಳಿದ್ದ, ಸಭೆ ಕೊಡಲಿಲ್ಲ. ನಿಮ್ಮ ಸಭೆಯನ್ನು ದೊಡ್ಡಿ ಮಾಡುತ್ತೇನೆ ಅಂದು ಹೋದ. ಅವನ ಬೆಟ್ಟದ ಗುಹೆಯಲ್ಲಿ ಒಂದು ಶಂಖವಿದೆ. ಅದನ್ನು ಊದಿದರೆ ಮಾಟ ಕಳಚುತ್ತದೆ. ಆದರೆ ದಾರಿಯಲ್ಲಿ ಮೂರು ಬಾಗಿಲು ತಾಯೀ. ಸಿಟ್ಟಿನಿಂದ ಕೈ ಎತ್ತಿದರೆ ಅಲ್ಲೂ ಇದೇ ಗತಿ. ಹೋದವರು ಯಾರೂ ಮನುಷ್ಯರಾಗಿ ಬಂದಿಲ್ಲ."

ಪದುಮಲೆ ಕೇಳುತ್ತಲೇ ಹೊರಟಳು. ಅವಳ ಕಾಲು ನಡೆಯುತ್ತಿತ್ತು, ಕಣ್ಣಿನಲ್ಲಿ ಮಾತ್ರ ಆ ಪಾದುಕೆಯೇ ಕುಣಿಯುತ್ತಿತ್ತು.

ಮೊದಲ ಬಾಗಿಲಲ್ಲಿ ಹುಲಿಮೊಗದ ಕಾವಲುಗಾರನಿದ್ದ. ಅವಳನ್ನು ಕಂಡವನೇ ಮುಖಕ್ಕೆ ಉಗಿದ. ಪದುಮಲೆಯ ಮೈ ಉರಿಯಿತು. ಸೆರಗಿನಿಂದ ಒರೆಸಿಕೊಂಡು, "ನನಗೆ ಒಳಗೆ ಕೆಲಸವಿದೆ, ದಾರಿ ಬಿಡು," ಎಂದಳು. ಅವನು ಮತ್ತೆ ಉಗಿದ. ಅವಳು ಮತ್ತೆ ಒರೆಸಿಕೊಂಡು ಅದನ್ನೇ ಹೇಳಿದಳು. ಅವನ ಬಾಯಿ ಒಣಗಿತು, ಬಾಗಿಲು ತೆರೆಯಿತು.

ಎರಡನೆಯ ಬಾಗಿಲಲ್ಲಿ ಒಂದೇ ಜಡೆಯನ್ನು ಹಂಚಿಕೊಂಡ ಇಬ್ಬರು ರಕ್ಕಸಿಯರಿದ್ದರು. "ಕೆಳನಾಡಿನವರು ಕೆಸರು ತಿನ್ನುವವರು! ನಿನ್ನವ್ವ ಕಪ್ಪೆ ಹಡೆದಳು!" ಎಂದು ಇಬ್ಬರೂ ಅವಳ ಕಿವಿಯಲ್ಲಿ ಕಿರುಚಿದರು.

"ನೀವು ಮುಗಿಸಿ, ಆಮೇಲೆ ನಾನು ಮಾತಾಡುತ್ತೇನೆ," ಎಂದು ಪದುಮಲೆ ಕಲ್ಲಿನ ಮೇಲೆ ಕೂತಳು. ಅವರು ಬೈದರು, ಬೈದರು, ಬೈಗುಳವೆಲ್ಲ ಖಾಲಿಯಾಗುವ ತನಕ ಬೈದರು. ಕೊನೆಗೆ ಒಬ್ಬಳು ಇನ್ನೊಬ್ಬಳ ಭುಜಕ್ಕೆ ಒರಗಿ ನಿದ್ದೆ ಹೋದಳು. ಬಾಗಿಲು ತೆರೆಯಿತು.

ಮೂರನೆಯ ಬಾಗಿಲಲ್ಲಿ ಎರೆಯಪ್ಪನಿದ್ದ. ಚಾವುಂಡಯ್ಯನವರನ್ನು ನೆಲಕ್ಕೆ ಕೆಡವಿ, ಎದೆಯ ಮೇಲೆ ಕೂತು ಕತ್ತು ಹಿಸುಕುತ್ತಿದ್ದ. "ಮಗಳೇ!" ಎಂದರು ಗುರುಗಳು.

ಪದುಮಲೆಗೆ ಏನೂ ನೆನಪಾಗಲಿಲ್ಲ. ಕಲ್ಲೊಂದನ್ನು ಎತ್ತಿದ್ದಳು. ಎರೆಯಪ್ಪನ ನೆತ್ತಿಗೆ ಗುರಿಯಿಟ್ಟಿದ್ದಳು. ಕೊಲ್ಲಬೇಕೆಂದೇ ಇಟ್ಟಿದ್ದಳು. ಆಗ ಕಲ್ಲು ತಾನಾಗಿ ಜಾರಿತು. ಹಿಡಿಯಲು ಬೆರಳೇ ಇರಲಿಲ್ಲ. ಅವಳ ಬಲಗೈ ಕಪ್ಪು ಗೊರಸಾಗಿತ್ತು.

ಅವಳು ಆ ಗೊರಸನ್ನು ನೋಡಿದಳು. ಅಯ್ಯೋ, ನಾನೂನಾ?

ಅವಳು ಓಡಿ ಹೋಗಿ, ಹೊಡೆಯದೆ, ಇಬ್ಬರ ನಡುವೆ ಅಡ್ಡ ಬಿದ್ದಳು. ಎರೆಯಪ್ಪನ ಗುದ್ದು ಅವಳ ಬೆನ್ನಿಗೆ ಬಿತ್ತು. ಬಿದ್ದದ್ದೇ ತಡ, ಇಬ್ಬರೂ ಹೊಗೆಯಾಗಿ ಕರಗಿದರು. ಬಾಗಿಲು ತೆರೆಯಿತು.

ಒಳಗೆ ಕರಾಳಕಂಠ ಶಂಖದ ಪಕ್ಕ ಕಾಲು ಚಾಚಿ ಕೂತಿದ್ದ.

"ನಮ್ಮ ಹಿರಿಯರ ಬಾಯಲ್ಲಿ ಅಂಥ ಮಾತು ಹಾಕಿದ್ದು ಯಾಕೆ? ಅವರ ಕೈಗೆ ಪಾದುಕೆ ಕೊಟ್ಟಿದ್ದು ಯಾಕೆ?" ಎಂದು ಪದುಮಲೆ ಕೇಳಿದಳು.

ಮಾಂತ್ರಿಕ ಬಿದ್ದು ಬಿದ್ದು ನಕ್ಕ. "ನಾನಾ? ಹುಚ್ಚು ಹುಡುಗಿ! ಕೊಂಬು, ಗೊರಸು ಮಾತ್ರ ನನ್ನವು. ಬೈಗುಳ, ಪಾದುಕೆ, ಗುದ್ದು, ಎಲ್ಲ ಅವರದೇ. ನೀನು ಎತ್ತಿದ ಕಲ್ಲೂ ನಿನ್ನದೇ."

ಅವನು ಸುಳ್ಳು ಹೇಳುತ್ತಿಲ್ಲ ಎಂದು ಅವಳ ಗೊರಸಿಗೆ ಗೊತ್ತಿತ್ತು. ಆದರೂ ಅವಳು ನಡೆದು ಹೋಗಿ ಶಂಖವನ್ನು ಎರಡು ತೋಳಿನಲ್ಲಿ ಅಪ್ಪಿ ಎತ್ತಿಕೊಂಡಳು.

"ಇಡು ಕೆಳಗೆ! ಹೊಡೆದು ಕಿತ್ತುಕೋ, ಧೈರ್ಯವಿದ್ದರೆ! ಜಗಳವಾಡು!" ಎಂದು ಅವನು ಅರಚಿದ. ಅವಳು ಬೆನ್ನು ತಿರುಗಿಸಿ ನಡೆದಳು. ಕರಾಳಕಂಠ ಸಿಟ್ಟಿನಲ್ಲಿ ಮೈಮರೆತ. ಬೆತ್ತ ಎತ್ತಿ ಅವಳ ಮೇಲೆ ಬೀಸಿದ.

ಅವನದೇ ಮಾಟ ಅವನನ್ನೂ ಬಿಡಲಿಲ್ಲ. ಬೆತ್ತ ಬೀಳುವ ಮೊದಲೇ ಅವನೊಂದು ಬಡಕಲು ಟಗರಾಗಿ, ಬ್ಯಾ ಎಂದು ಗುಹೆಯ ಗೋಡೆಗೆ ಗುದ್ದಿದ. ಗುಹೆ ಕುಸಿಯತೊಡಗಿತು. ಪದುಮಲೆ ಹೊರಗೆ ಹಾರಿದಳು.

ಅವಳು ಸಭೆಗೆ ಬಂದು ಶಂಖ ಊದಿದಾಗ ಕೊಂಬುಗಳು ತೆಂಗಿನಕಾಯಿಯ ಹಾಗೆ ದಬದಬ ಉದುರಿದವು. ಅವಳ ಬೆರಳೂ ಮರಳಿದವು. ಹಿರಿಯರು ಹರಿದ ಬಟ್ಟೆ ಸರಿಮಾಡಿಕೊಳ್ಳುತ್ತ, "ನಾವಲ್ಲ, ಮಾಂತ್ರಿಕ ಮಾಡಿಸಿದ್ದು," ಎಂದರು.

"ಇಲ್ಲ," ಎಂದಳು ಪದುಮಲೆ. ಮಾಂತ್ರಿಕ ಹೇಳಿದ್ದನ್ನು ಹೇಳಿದಳು. ತಾನು ಎತ್ತಿದ ಕಲ್ಲಿನ ವಿಷಯವನ್ನೂ ಹೇಳಿದಳು.

ಚಾವುಂಡಯ್ಯ ತಮ್ಮ ಕೈಯನ್ನು ನೋಡಿಕೊಂಡರು. ಆಮೇಲೆ ಎದುರು ಸಾಲಿಗೆ ನಡೆದು ಹೋಗಿ ಎರೆಯಪ್ಪನ ಮುಂದೆ ಕೈ ಮುಗಿದರು. "ನಾನೇ ಹೊಡೆದೆ ಎರೆಯಪ್ಪ."

ಎರೆಯಪ್ಪನ ಬಾಯಿಂದ ಇನ್ನೂ ರಕ್ತ ಸೋರುತ್ತಿತ್ತು. "ಸತ್ತ ನಿಮ್ಮಪ್ಪನನ್ನು ಎಳೆದು ತಂದವನು ನಾನು," ಎಂದ. ರಕ್ತ ಒರೆಸಿಕೊಂಡು, "ನಿಮ್ಮ ಜನ ನಮ್ಮ ಮನೆಗಳಿಗೆ ಬರಲಿ. ಗಾಡಿ ನಾವೇ ಕಳಿಸುತ್ತೇವೆ," ಎಂದ.

ಸೂರ್ಯ ಇಳಿಯುವುದರೊಳಗೆ ಕೆಳನಾಡು ಖಾಲಿಯಾಯಿತು. ಮಹಾಸಭೆ ಒಕ್ಕೊರಲಿನಿಂದ "ತೆರೆ" ಎಂದಿತು. ಬಂಡೆ ಕೇಳಿಸಿಕೊಂಡು ಪಕ್ಕಕ್ಕೆ ಸರಿಯಿತು. ಹೊಲ ಮುಳುಗಿತು, ಮನೆ ಮುಳುಗಿತು, ಒಂದು ಜೀವವೂ ಮುಳುಗಲಿಲ್ಲ.

ಚಾವುಂಡಯ್ಯನವರಿಗೆ ಎರೆಯಪ್ಪನ ಮನೆಯಲ್ಲೇ ಬಿಡಾರ ಸಿಕ್ಕಿತು. ಎರೆಯಪ್ಪನಿಗೆ ಅಗಿಯಲಾಗದೆಂದು ಅವನ ಹೆಂಡತಿ ಗಂಜಿ ಕಾಯಿಸಿದಳು. ಬಟ್ಟಲನ್ನು ಇಬ್ಬರ ಮುಂದೂ ಕುಕ್ಕಿ, "ಹಲ್ಲು ಉದುರಿಸಿದವರಿಗೂ ಇದೇ ಊಟ," ಎಂದಳು. ಇಬ್ಬರೂ ತಲೆ ತಗ್ಗಿಸಿ ಕುಡಿದರು. ಎರೆಯಪ್ಪ ಮೊದಲು ನಕ್ಕ, ಆಮೇಲೆ ಚಾವುಂಡಯ್ಯ.

ನೀರು ಇಳಿದ ಮೇಲೆ ಎರಡೂ ನಾಡಿನವರು ಸೇರಿ ಕೆಳನಾಡಿನ ಮನೆಗಳನ್ನು ಕಟ್ಟಿದರು. ಹಂಸಾವರದವರು ಆಮೇಲೂ ಗಂಟಲು ಹರಿಯುವಂತೆ ವಾದ ಮಾಡಿದರು, ಕೈ ಮಾತ್ರ ಎತ್ತಲಿಲ್ಲ. ಮಕ್ಕಳು ಮೊಮ್ಮಕ್ಕಳನ್ನು ಕಂಡು, ಹೊಟ್ಟೆ ತುಂಬ ಉಂಡು, ಕಣ್ಣು ತುಂಬ ನಿದ್ದೆ ಮಾಡಿ, ಎಲ್ಲರೂ ಸುಖವಾಗಿ ಬಾಳಿದರು.