ಪಾಪುವಿನ ಪಾಸ್‌ಪೋರ್ಟ್

ಹಲ್ಲಿನ ಸೆಟ್ಟು ಮಾಡುವುದು ನನ್ನ ಕಸುಬು. ಅಂದು ಮಧ್ಯಾಹ್ನ ಯಾರದೋ ಮೇಲ್ದವಡೆಗೆ ಕೋರೆಹಲ್ಲು ಕೂರಿಸುತ್ತಿದ್ದಾಗ ಬಾಗಿಲು ದಡದಡ ಸದ್ದಾಯಿತು. ಮೂರನೆಯ ಮಹಡಿಯ ವಕೀಲರ ಹೆಂಡತಿ ನಿಂತಿದ್ದಳು. ಸೊಂಟದ ಮೇಲೆ ಪಾಪು, ಆಕೆಯ ಕಣ್ಣುಗಳು ಅತ್ತು ಅತ್ತು ಊದಿಕೊಂಡಿದ್ದವು.

"ವಿಮೆ ಅಮ್ಮ ಇದಾರಾ?"

ವಿಮೆ ಅಮ್ಮ ಎಂದರೆ ನನ್ನ ಅತ್ತಿಗೆ. ವಿಮಾ ಕಂಪನಿಯಲ್ಲಿ ಸುಟ್ಟ ಅಂಗಡಿ, ಕಳುವಾದ ಒಡವೆಗಳ ನಿಜ ಸುಳ್ಳು ನೋಡುವ ಕೆಲಸದಲ್ಲಿದ್ದು ನಿವೃತ್ತರಾದವರು. ನಿವೃತ್ತಿಯೆಂಬುದು ಹೆಸರಿಗಷ್ಟೇ. ನಮ್ಮ ಕಟ್ಟಡದಲ್ಲಿ ಯಾರ ಮನೆಯ ಚಮಚ ಕಾಣದಿದ್ದರೂ ಮೊದಲು ಬಡಿಯುವುದು ನಮ್ಮ ಬಾಗಿಲನ್ನೇ. ಅಣ್ಣ ಹೋದ ಮೇಲೆ ಅವರ ಜೊತೆಗಿರುವ ನಾನು ಬಾಗಿಲು ತೆರೆಯುವುದಕ್ಕೂ ಕಾಫಿ ಕಾಯಿಸುವುದಕ್ಕೂ ನೇಮಕವಾದಂತಿದ್ದೇನೆ.

"ಪಾಪು ಪಾಸ್‌ಪೋರ್ಟ್ ಕಳುವಾಗಿದೆ. ಇವತ್ತು ರಾತ್ರಿನೇ ವಿಮಾನ," ಎಂದಳು ಆಕೆ. "ಇವರು ಆಯಮ್ಮನೇ ಕದ್ದಿದ್ದು ಅಂತ ಕೂತಿದಾರೆ. ಸಂಜೆ ಠಾಣೆಗೆ ಹೋಗಿ ದೂರಿನಲ್ಲಿ ಅವಳ ಹೆಸರೇ ಬರೆಸ್ತಾರಂತೆ. ಪುಟ್ಟಿ ಹುಟ್ಟಿದ ದಿನದಿಂದ ನಮ್ಮನೇಲಿ ಮಕ್ಕಳನ್ನ ನೋಡ್ಕೊಂಡಿರೋಳು. ಅವಳು ಹಾಗೆ ಮಾಡೋಳಲ್ಲ ಅಂದ್ರೆ, ಪುರಾವೆ ಏನು ಅಂತಾರೆ."

ಅತ್ತಿಗೆ ಕನ್ನಡಕ ಹಾಕಿಕೊಂಡರು. "ಮೆಟ್ಟಿಲು ಹತ್ತುತ್ತಾ ಹೇಳು."

ಆ ಮನೆಯ ರಜೆಯ ಸುದ್ದಿ ಕಟ್ಟಡಕ್ಕೆಲ್ಲ ಗೊತ್ತಿದ್ದದ್ದೇ. ಬೇರೆ ದೇಶದಲ್ಲಿ ಒಂದು ವಿಲ್ಲಾ ಬಾಡಿಗೆಗೆ ಹಿಡಿದಿದ್ದರು. ಮೂರು ವರ್ಷದ ಪುಟ್ಟಿ, ಇನ್ನೂ ನಡೆಯದ ಪಾಪು. ಹೋಟೆಲಿನಲ್ಲಿ ಇವರ ಗದ್ದಲ ಯಾರು ಸಹಿಸುತ್ತಾರೆ, ಸ್ವಂತ ಅಡುಗೆಮನೆ ಇದ್ದರೆ ಬೇಕಾದಾಗ ಗಂಜಿ ಬೇಯಿಸಿಕೊಳ್ಳಬಹುದು ಎಂಬುದು ವಕೀಲರ ವಾದ. ಕೆಲವು ವಾರಗಳಿಂದ ತೊಟ್ಟಿಲು, ಎತ್ತರದ ಕುರ್ಚಿ, ಬಟ್ಟೆ ಒಗೆಯುವ ಯಂತ್ರ, ಮೆಟ್ಟಿಲಿಗೆ ಅಡ್ಡಗೇಟು ಎಂದು ಆ ಮನೆಯಲ್ಲಿ ಬೇರೆ ಮಾತೇ ಇರಲಿಲ್ಲ. ಜೊತೆಗೆ ಹೊರಟಿದ್ದ ವಕೀಲರ ತಂಗಿಗೆ ಮಾತ್ರ ಇದು ಹಿಡಿಸಿರಲಿಲ್ಲ. "ಅಷ್ಟು ದೂರ ಹೋಗಿ ಈರುಳ್ಳಿ ಹೆಚ್ಚೋದಾದ್ರೆ ಇಲ್ಲೇ ಹೆಚ್ಚಬಹುದಲ್ಲ," ಎಂದು ಲಿಫ್ಟಿನಲ್ಲಿ ನನ್ನ ಹತ್ತಿರವೇ ಗೊಣಗಿದ್ದಳು.

ಮೇಲೆ ಹೋದಾಗ ಊಟದ ಮೇಜಿನ ಮೇಲೆ ಒಂದು ಹಳೆಯ ಕೈಚೀಲ ಬೋರಲು ಬಿದ್ದಿತ್ತು. ಬಾಚಣಿಗೆ, ಊಟದ ಡಬ್ಬಿ, ಮಡಚಿದ ಸೀರೆ ಹರಡಿಕೊಂಡಿದ್ದವು. ಆಯಮ್ಮನ ಚೀಲವನ್ನು ವಕೀಲರು ಎಲ್ಲರೆದುರೇ ಸುರಿದು ನೋಡಿದ್ದರು. ಆಕೆ ಗೋಡೆಗೆ ಒರಗಿ ನಿಂತಿದ್ದಳು, ಅಳುತ್ತಿರಲಿಲ್ಲ. ಪುಟ್ಟಿ ಬಚ್ಚಲಿನ ಬಕೆಟ್ಟಿನಲ್ಲಿ ಇಳಿದೆದ್ದು, ತೊಪ್ಪೆಯಾಗಿ, ಗುಂಗುರು ಕೂದಲಿನಿಂದ ನೀರು ತೊಟ್ಟಿಕ್ಕಿಸುತ್ತ ಮನೆಯೆಲ್ಲ ಓಡುತ್ತಿದ್ದಳು. "ಆಯಮ್ಮ ಕಳ್ಳಿ, ಆಯಮ್ಮ ಕಳ್ಳಿ," ಎಂದು ಹಾಡಿನ ಹಾಗೆ ಹೇಳುತ್ತಿದ್ದಳು. ಅಪ್ಪನ ಬಾಯಿಂದ ಬಿದ್ದದ್ದನ್ನು ಹೆಕ್ಕಿಕೊಂಡಿತ್ತು ಮಗು. ನನಗೆ ಆ ಮನೆಯಲ್ಲಿ ನಿಲ್ಲಲೂ ಮನಸ್ಸಾಗಲಿಲ್ಲ.

"ನೋಡಿ, ಇದು ನೇರವಾಗಿದೆ," ಎಂದರು ವಕೀಲರು, ಕೋರ್ಟಿನಲ್ಲಿ ನಿಂತವರ ಹಾಗೆ. "ಬೆಳಗ್ಗೆ ಪಾಸ್‌ಪೋರ್ಟೆಲ್ಲ ಮಕ್ಕಳ ಸೂಟ್‌ಕೇಸಲ್ಲಿ ಇತ್ತು. ಹೆಂಡ್ತಿ ಅಂಗಡಿಗೆ ಹೋಗಿದ್ಲು, ನಾನು ಕೋಣೇಲಿ ಫೋನಲ್ಲಿದ್ದೆ. ಕೊನೇಲಿ ಸೂಟ್‌ಕೇಸ್ ಮುಟ್ಟಿದ್ದು ಆಯಮ್ಮ, ಹಾಲಿನ ಬಾಟಲಿ ಇಡೋಕೆ. ಬೆಳಗಿಂದ, ನಾನಿಲ್ದೆ ಪಾಪು ಹೆಂಗಿರತ್ತೆ ಅಂತ ಅಳ್ತಿದ್ಲು. ಹೋಗಿರೋದು ಪಾಪುದು ಮಾತ್ರ. ಇನ್ನೇನು ಬೇಕು?"

"ಪುಟ್ಟಿ ತೆಗೆದಿರಬಹುದಲ್ಲ?" ಎಂದೆ ನಾನು.

ಅತ್ತಿಗೆ ಪುಟ್ಟಿಯನ್ನು ಹತ್ತಿರ ಕರೆದರು. "ಪಾಪು ಪುಸ್ತಕ ಯಾರು ತೆಗೆದಿದ್ದು, ಪುಟ್ಟಿ?"

"ನಾನೇ."

"ಆಕಾಶಕ್ಕೆ ನೀಲಿ ಬಣ್ಣ ಹಚ್ಚಿದ್ದು ಯಾರು?"

"ನಾನೇ."

"ಈ ಸಾಕ್ಷಿ ನಡೆಯಲ್ಲ," ಎಂದು ಅತ್ತಿಗೆ ಸೂಟ್‌ಕೇಸಿನ ಕಡೆ ತಿರುಗಿದರು. ಅದಕ್ಕೆ ಅಗಲವಾದ ಪಟ್ಟಿ, ಗಟ್ಟಿ ಬಕಲ್. ಒತ್ತಿ ನೋಡಿದೆ, ನನ್ನ ಹೆಬ್ಬೆರಳೇ ನೊಂದಿತು. ಮೂರು ವರ್ಷದವಳ ಕೈಲಿ ಸಾಧ್ಯವಿರಲಿಲ್ಲ.

"ಬೇರೆ ಏನಾದ್ರೂ ಹೋಗಿದ್ಯಾ?" ಎಂದು ಅತ್ತಿಗೆ ಕೇಳಿದರು.

"ಇಲ್ಲ," ಎಂದಳು ವಕೀಲರ ಹೆಂಡತಿ. ಆಮೇಲೆ ನೆನಪಿಸಿಕೊಂಡು, "ಪುಟ್ಟಿಯ ಬಟ್ಟೆ ಆನೆ ಒಂದು. ಅದನ್ನ ತಬ್ಕೊಂಡ್ರೇನೇ ಅವಳಿಗೆ ನಿದ್ದೆ. ಬೆಳಗ್ಗೆ ನಾನೇ ಇದ್ರೊಳಗೆ ತಳದಲ್ಲಿ ಇಟ್ಟಿದ್ದೆ. ಅಂಗಡಿಯಿಂದ ಬಂದು ನೋಡಿದ್ರೆ ಅವಳ ಹಾಸಿಗೆ ಮೇಲಿತ್ತು. ಅವಳೇ ಎಳ್ಕೊಂಡಿರ್ತಾಳೆ ಅಂದ್ಕೊಂಡೆ."

ಅತ್ತಿಗೆ ಮಕ್ಕಳ ಪಾಸ್‌ಪೋರ್ಟಿನ ಫೋಟೋ ಇದೆಯೇ ಎಂದು ಕೇಳಿದರು. ಆಕೆ ಫೋನಿನಲ್ಲಿ ಎರಡನ್ನೂ ತೋರಿಸಿದಳು. ಎರಡೂ ಎಳೆಗೂಸುಗಳೇ. ಒಂದರ ತಲೆ ಬೋಳು, ಇನ್ನೊಂದರ ತಲೆ ತುಂಬ ಕಪ್ಪು ಕೂದಲು.

"ಈ ಕೂದಲಿರೋದು ಪುಟ್ಟಿ," ಎಂದೆ, ಕಣ್ಣೆದುರಿನ ಗುಂಗುರು ತಲೆಯನ್ನೂ ಪಾಪುವಿನ ನುಣ್ಣನೆಯ ಬುರುಡೆಯನ್ನೂ ನೋಡುತ್ತ.

"ಎಲ್ರೂ ಹಂಗೇ ಅಂತಾರೆ. ಅದು ಪಾಪು. ಅವನ ಕೂದಲು ಆಮೇಲೆ ಉದುರಿಹೋಯ್ತು. ಪುಟ್ಟಿ ಹುಟ್ಟಿದಾಗ ಒಂದೂ ಕೂದಲಿರಲಿಲ್ಲ, ಪಾಸ್‌ಪೋರ್ಟ್ ಆಗ್ಲೇ ಮಾಡ್ಸಿದ್ದು."

ಆಯಮ್ಮ ಗೋಡೆ ಬಿಟ್ಟು ಬಂದು ಇಣುಕಿದಳು. "ಬೋಳುಗುಂಡು ನನ್ ಪುಟ್ಟಿ. ನೋಡಿ, ಎಡಗಿವಿ ಹೆಂಗೆ ಮಡಚ್ಕೊಂಡಿದೆ," ಎಂದು ಹೇಳಿ ಮತ್ತೆ ಹೋಗಿ ನಿಂತಳು.

ಅಷ್ಟರಲ್ಲಿ ಬಾಲ್ಕನಿಯಿಂದ ವಕೀಲರ ಹೆಂಡತಿಯ ತಂದೆ ಒಳಬಂದರು. ಅವರನ್ನು ಎಲ್ಲರೂ ಕೋಚ್ ಎನ್ನುತ್ತಿದ್ದರು. ಪರದೇಶದಲ್ಲಿ ಈಜು ಕಲಿಸುತ್ತಲೇ ಆಯುಷ್ಯ ಕಳೆದವರು, ಪಾಪುವಿಗೆ ಮೊದಲ ಹಲ್ಲು ಬರುವ ಹೊತ್ತಿಗೆ ಮಗಳ ಮನೆಗೆ ಬಂದಿದ್ದರು. ರಜೆಗೆ ತಾವು ಬರುವುದಿಲ್ಲ, ಮನೆ ನೋಡಿಕೊಂಡಿರುತ್ತೇನೆ ಎಂದಿದ್ದರು. ಕೈಯಲ್ಲೊಂದು ಔಷಧಿ ಸೀಸೆ ಇತ್ತು.

"ಸ್ವಲ್ಪ ನೋಡಿ ಹೇಳ್ತೀರಾ," ಎಂದು ಅದನ್ನು ನನ್ನೆದುರು ಚಾಚಿದರು, "ಇದು ಪುಟ್ಟಿಗೆ ಕೊಡೋ ಕೆಮ್ಮಿಂದೋ, ಪಾಪು ಜ್ವರದ್ದೋ? ಮೊನ್ನೆ ಪಾಪು ನನ್ನ ಕನ್ನಡಕ ಮುರಿದುಹಾಕ್ದ. ಹೊಸದು ಇನ್ನೂ ಬಂದಿಲ್ಲ."

ಕೆಮ್ಮಿನದೆಂದು ಓದಿ ಹೇಳಿದೆ. ಅತ್ತಿಗೆ ಸೋಫಾದಲ್ಲಿ ಕೂತಿದ್ದ ವಕೀಲರ ತಂಗಿಯ ಕಡೆ ತಿರುಗಿ, "ನಿಮ್ಮ ವಿಲ್ಲಾ ತೋರಿಸಮ್ಮ, ನಾನೂ ನೋಡಿದ ಹಾಗಾಗುತ್ತೆ," ಎಂದರು. ಕಳವಿನ ಮನೆಯಲ್ಲಿ ಪ್ರವಾಸದ ಚಿತ್ರ ನೋಡುವುದೇ ಎಂದು ವಕೀಲರು ಹುಬ್ಬು ಗಂಟಿಕ್ಕಿದರು. ಆಕೆ ಲ್ಯಾಪ್‌ಟಾಪ್ ತೆರೆದು ಒಂದೊಂದಾಗಿ ತೋರಿಸಿದಳು. ನಾಲ್ಕು ಒಲೆಯ ಅಡುಗೆಮನೆ ಬಂದಾಗ ಮೂತಿ ತಿರುವಿದಳು. ಆಮೇಲೆ ಮಲಗುವ ಕೋಣೆ, ಎರಡು ತೊಟ್ಟಿಲು, ಗಾಜಿನ ಬಾಗಿಲಿನ ಹಜಾರ, ಅದರಾಚೆ ನೀಲಿ ಈಜುಕೊಳ. ಈಜುಕೊಳ ಬಂದದ್ದೇ ಕೋಚ್ ಎದ್ದು ಮತ್ತೆ ಬಾಲ್ಕನಿಗೆ ಹೋದರು.

ಅತ್ತಿಗೆ ಆ ಚಿತ್ರವನ್ನು ದೊಡ್ಡದು ಮಾಡಿಸಿ ಬಹಳ ಹೊತ್ತು ನೋಡಿದರು. ನಂತರ ಲ್ಯಾಪ್‌ಟಾಪ್ ಹಾಗೇ ಇರಲಿ ಎಂದು ಎಲ್ಲರನ್ನೂ ಹಜಾರದಲ್ಲಿ ಕೂರಲು ಹೇಳಿದರು. ಕೋಚನ್ನೂ ಕರೆಸಿದರು. ಆಯಮ್ಮ ಕೂರಲು ಹಿಂಜರಿದಾಗ ತಾವೇ ಕುರ್ಚಿ ಎಳೆದು ಕೊಟ್ಟರು. ಪುಟ್ಟಿ ಒಳಕೋಣೆಯಲ್ಲಿ ನಿದ್ದೆ ಹೋಗಿದ್ದಳು.

"ವಕೀಲರೇ, ನೀವು ಪುರಾವೆ ಅಂದಿರಿ. ಒಂದೊಂದಾಗಿ ಇಡ್ತೀನಿ. ಪ್ರವಾಸವನ್ನೇ ನಿಲ್ಲಿಸಬೇಕು ಅಂದ್ರೆ ಪಾಸ್‌ಪೋರ್ಟೆಲ್ಲ ಒಟ್ಟಿಗೆ ಎತ್ತೋದು ಸುಲಭ. ಹಾಗೆ ಮಾಡಿಲ್ಲ. ಅಂದ್ರೆ ಕದ್ದವರಿಗೆ ಬೇಕಾಗಿದ್ದು ಒಬ್ಬರು ಇಲ್ಲೇ ಉಳಿಯೋದು."

"ಅದೇ, ಪಾಪು."

"ಹಾಗಿದ್ರೆ ಪುಟ್ಟಿಯ ಆನೆ ಯಾಕೆ ಹೊರಗೆ ಬಂತು? ಬಕಲ್ ತೆಗೆಯೋಕೆ ಪುಟ್ಟಿ ಕೈಲಿ ಆಗಲ್ಲ. ಪಾಸ್‌ಪೋರ್ಟ್ ತೆಗೆದ ಕೈಯೇ ಅದನ್ನೂ ತೆಗೆದು ಹಾಸಿಗೆ ಮೇಲಿಟ್ಟಿದ್ದು. ಅದಿಲ್ದೆ ಪುಟ್ಟಿ ಮಲಗಲ್ಲ. ಇವತ್ತು ರಾತ್ರಿ ಪುಟ್ಟಿ ಇಲ್ಲೇ ಮಲಗ್ತಾಳೆ ಅಂದ್ಕೊಂಡೋರ ಕೆಲಸ ಇದು. ಉಳಿಸ್ಕೋಬೇಕು ಅಂತ ಇದ್ದಿದ್ದು ಪುಟ್ಟೀನ. ಹೋಗಿದ್ದು ಪಾಪುದು."

ಅತ್ತಿಗೆ ಕನ್ನಡಕ ತೆಗೆದು ಸೆರಗಿನಿಂದ ಒರೆಸಿಕೊಂಡರು.

"ಕೈ ತಪ್ಪಿದ್ದು ಹೇಗೆ? ಪಾಸ್‌ಪೋರ್ಟಲ್ಲಿ ಹೆಸರಿರುತ್ತೆ. ನೀವಾಗಲಿ, ನಿಮ್ಮ ತಂಗಿಯಾಗಲಿ ಆಗಿದ್ರೆ ಓದ್ತಿದ್ರಿ. ತೆಗೆದೋರು ಓದಲಿಲ್ಲ, ಮುಖ ನೋಡಿದ್ರು. ಅದೂ ಮಸುಕಾಗಿ. ಕೂದಲಿರೋದು ಪುಟ್ಟಿ, ಬೋಳು ತಲೆ ಪಾಪು ಅಂದ್ಕೊಂಡ್ರು. ನನ್ನ ಮೈದುನನೂ ಅದೇ ತಪ್ಪು ಮಾಡಿದ. ಆಯಮ್ಮಂಗೆ ಓದೋಕೆ ಬರದೇ ಇರಬಹುದು. ಆದ್ರೆ ಮಡಚಿದ ಕಿವಿ ಗೊತ್ತಿರೋಳಿಗೆ ಈ ತಪ್ಪಾಗೋದಿಲ್ಲ. ಈ ತಪ್ಪು ಮಾಡೋದು ಇಬ್ಬರನ್ನೂ ಎಳೆಗೂಸಾಗಿ ನೋಡದೇ ಇದ್ದೋರು, ಕನ್ನಡಕ ಇಲ್ದೇ ಇರೋರು."

ಅತ್ತಿಗೆ ಕೋಚರ ಕಡೆ ನೋಡಲಿಲ್ಲ. ಅವರ ದೊಡ್ಡತನವೋ ಕರುಣೆಯೋ, ನೋಡುವ ಕೆಲಸವನ್ನು ನಮಗೆ ಬಿಟ್ಟರು.

ಕೋಚ್ ಎದ್ದು ತಮ್ಮ ಕೋಣೆಗೆ ಹೋಗಿ, ಈಜಿನ ಚೀಲದಿಂದ ಪಾಸ್‌ಪೋರ್ಟ್ ತಂದು ಮೇಜಿನ ಮೇಲಿಟ್ಟರು.

"ಅಪ್ಪಾ," ಎಂದಳು ಮಗಳು.

"ಕೊಳದ ಮಾತು ಎಷ್ಟು ಸಲ ಎತ್ತಿದೆ," ಎಂದರು ಕೋಚ್, ಅಳಿಯನ ಮುಖ ನೋಡದೆ. "ಬೇಲಿ ಇದೆ ಅಂದ್ರಿ, ವಿಲ್ಲಾದೋರು ಬರೆದು ಕೊಟ್ಟಿದಾರೆ ಅಂದ್ರಿ. ಮಾವ, ನೀರಲ್ಲೇ ಬದುಕಿದೋರು ನೀವೇ ಹೆದರಿದ್ರೆ ಹೆಂಗೆ ಅಂತ ನಕ್ರಿ. ನಿಮ್ಮ ಹತ್ರ ವಾದ ಮಾಡಿ ಗೆಲ್ಲೋಕೆ ನನ್ ಕೈಲಿ ಆಗಲಿಲ್ಲ. ಪಾಪು ಇನ್ನೂ ನಡೆಯಲ್ಲ, ಪುಟ್ಟಿ ನೀರು ಕಂಡ್ರೆ ಬಿಡಲ್ಲ, ಅವಳೊಬ್ಬಳು ನನ್ನ ಹತ್ರ ಉಳಿದ್ರೆ ಸಾಕು ಅಂದ್ಕೊಂಡೆ. ನಾನು ನೀರಿಂದ ಪುಟ್ಟಿ ಅಷ್ಟು ದೊಡ್ಡ ಮಗೂನ ಎತ್ತಿದೀನಿ. ಅದರ ತಾಯಿ ಅಲ್ಲೇ ಟವೆಲ್ ಮಡಚ್ತಾ ನಿಂತಿದ್ಲು. ಒಂಚೂರೂ ಸದ್ದಾಗಿರಲಿಲ್ಲ."

"ಬೇಲಿ ಇದೆಯಲ್ಲ," ಎಂದರು ವಕೀಲರು, ದನಿ ಇಳಿದಿತ್ತು.

ಅತ್ತಿಗೆ ಲ್ಯಾಪ್‌ಟಾಪನ್ನು ಅವರ ಕಡೆ ತಿರುಗಿಸಿದರು. "ಇದೆ. ಮೂರು ಕಡೆ. ನಾಲ್ಕನೇ ಕಡೆ ಹಜಾರದ ಗಾಜಿನ ಬಾಗಿಲು. ಹೊರಗಿನ ಮಕ್ಕಳು ಕೊಳಕ್ಕೆ ಬೀಳಲ್ಲ. ಮನೆಯೊಳಗಿನ ಮಗು ನೇರ ನಡ್ಕೊಂಡು ಹೋಗಬಹುದು."

ವಕೀಲರು ಬಗ್ಗಿ ನೋಡಿದರು. ಮತ್ತೆ ನೋಡಿದರು. ಅವರ ಹೆಂಡತಿ ಒಳಕೋಣೆಯ ಬಾಗಿಲ ಕಡೆ ನೋಡಿ, "ರೀ, ಈ ಮನೆಗೆ ನಾವು ಹೋಗೋದು ಬೇಡ," ಎಂದಳು. ಅವರು ವಾದ ಮಾಡಲಿಲ್ಲ. ವಕೀಲರ ತಂಗಿ ಲ್ಯಾಪ್‌ಟಾಪ್ ಮುಚ್ಚಿದಳು.

"ನೀವು ಹೆದರಿದ್ದು ತಪ್ಪಲ್ಲ," ಎಂದರು ಅತ್ತಿಗೆ ಕೋಚರಿಗೆ. "ಆದ್ರೆ ಇವಳ ಚೀಲ ಸುರಿಯೋವಾಗ ನೀವು ಎಲ್ಲಿದ್ರಿ?"

ಕೋಚ್ ತಲೆ ತಗ್ಗಿಸಿದರು. "ಪಾಪುದು ಕಾಣ್ತಿಲ್ಲ ಅಂತ ಮಗಳು ಕೂಗಿದಾಗ ತಪ್ಪು ಗೊತ್ತಾಗಿ ವಾಪಸ್ ಇಡೋಣ ಅಂತ ಹೋದೆ. ಅಷ್ಟರಲ್ಲಿ ಸೂಟ್‌ಕೇಸ್ ಅಳಿಯಂದಿರ ಕೈಲಿತ್ತು. ಆಮೇಲೆ ಬಾಯಿ ಬರಲಿಲ್ಲ. ಅಳಿಯನ ಮನೇಲಿ ಕೂತು ಕಳ್ಳ ಅನ್ನಿಸ್ಕೊಳ್ಳೋಕೆ ಹೆದರ್ಕೊಂಡೆ. ಬಾಲ್ಕನೀಲಿ ನಿಂತ್ಕೊಂಡಿದ್ದೆ." ಆಯಮ್ಮನ ಕಡೆ ತಿರುಗಿದರು. "ತಪ್ಪಾಯ್ತಮ್ಮ."

"ನನ್ನ ಹತ್ರ ಒಂದು ಮಾತು ಹೇಳಿದ್ರೆ ಸರಿಯಾದ್ದನ್ನೇ ತೆಕ್ಕೊಡ್ತಿದ್ದೆ, ತಾತ," ಎಂದಳು ಆಯಮ್ಮ. "ಆ ಕೊಳ ಕಂಡ್ರೆ ನಂಗೂ ಎದೆ ಧಸಕ್ ಅಂತಿತ್ತು."

ನನಗೆ ನಗು ಬಂತು. ಬೇರೆ ಯಾರೂ ನಗದ ಕಾರಣ ನುಂಗಿಕೊಂಡೆ.

ವಕೀಲರು ಗಂಟಲು ಸರಿಮಾಡಿಕೊಂಡರು. "ಆಯಮ್ಮ, ಆಗಿದ್ದು ಆಯ್ತು. ದೂರು ಗೀರು ಏನಿಲ್ಲ. ನಾಳೆಯಿಂದ ಎಂದಿನ ಹಾಗೆ ಬಾ."

ಆಕೆ ಮೇಜಿನ ಹತ್ತಿರ ಹೋಗಿ ಬಾಚಣಿಗೆ, ಡಬ್ಬಿ, ಸೀರೆಗಳನ್ನು ಒಂದೊಂದಾಗಿ ಚೀಲಕ್ಕೆ ತುಂಬಿಕೊಂಡಳು. ಅವಸರ ಮಾಡಲಿಲ್ಲ.

"ನಿಮ್ಮೆಲ್ಲರ ಮುಂದೆ ಆಗಿದ್ದು ಬಿಡಿ ಸಾರ್. ಪುಟ್ಟಿ ಮುಂದೆ ಆಯ್ತು. ನಾನು ತಿನ್ಸಿದ್ ಬಾಯಲ್ಲಿ ಆ ಮಾತು ಬಂತು. ಅವಳು ಏಳಲಿ. ನೀವೇ ಹಾಕಿದ್ದು, ನೀವೇ ತೆಗೀರಿ. ನಾಳೆ ಮಾತು ಆಮೇಲೆ."

ಕಾದೆವು. ಅಷ್ಟು ಜನ ದೊಡ್ಡವರು ಒಂದು ಮಗು ಏಳುವುದನ್ನು ಕಾಯುತ್ತ ಕೂತದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ. ಪುಟ್ಟಿ ಕೊನೆಗೆ ಕಣ್ಣುಜ್ಜುತ್ತ ಬಂದಳು. ವಕೀಲರು ಅವಳ ಮುಂದೆ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತರು. ದಿನವಿಡೀ ಮಾತನ್ನೇ ಮಾರಿ ಬದುಕುವ ಮನುಷ್ಯನಿಗೆ ಮಾತು ಹುಡುಕುವುದು ಕಷ್ಟವಾಯಿತು.

"ಪುಟ್ಟಿ, ಆಯಮ್ಮ ಏನೂ ಕದ್ದಿಲ್ಲ. ಅಪ್ಪ ಸುಳ್ಳು ಹೇಳ್ದ."

"ತಾತ ತೆಗೆದಿದ್ದು," ಎಂದರು ಕೋಚ್ ಹಿಂದಿನಿಂದ.

ಪುಟ್ಟಿ ಮೂವರನ್ನೂ ನೋಡಿದಳು. "ಅಪ್ಪ ಸುಳ್ಳು ಹೇಳಿದ್ಯಾಕೆ?" ಎಂದು ಕೇಳಿದಳು.

ವಕೀಲರು ಮಗಳ ಹಣೆಯ ಮೇಲಿನ ಕೂದಲು ಸರಿಸಿದರು. ಮುಖ ಕೆಂಪಾಗಿತ್ತು, ಕಣ್ಣೂ. ಅವರ ಮೇಲೆ ಅಲ್ಲಿಯವರೆಗೆ ನನಗಿದ್ದ ಸಿಟ್ಟು ಅರ್ಧ ಇಳಿಯಿತು.

ಆಯಮ್ಮ ಪಾಪುವನ್ನು ತಾಯಿಯ ತೋಳಿಂದ ತೆಗೆದುಕೊಂಡು, ಒದ್ದೆ ಚಡ್ಡಿ ಮುಟ್ಟಿ ನೋಡಿ, ಬದಲಾಯಿಸಲು ಒಳಗೆ ಒಯ್ದಳು. ಹೋಗುವಾಗ ಪುಟ್ಟಿಯೂ ಸೆರಗು ಹಿಡಿದು ಹಿಂದೆ ಹೋದಳು. ನಾಳೆ ಬರುತ್ತೇನೆ ಎಂದು ಆಕೆ ಹೇಳಿದಳು. ಕ್ಷಮಿಸಿದೆ ಎಂದು ಮಾತ್ರ ಯಾರಿಗೂ ಹೇಳಲಿಲ್ಲ.