ಸೇತುವೆ ಹತ್ತಿಸುವ ಕೈ

ಅಶಿಟೆ ಆ ಹೆಂಗಸಿನ ಕೈ ಹಿಡಿದದ್ದನ್ನು ನಾನು ಕಣ್ಣಾರೆ ಕಂಡೆ. ಅಕ್ರಾದ ಹೆದ್ದಾರಿ ಪಕ್ಕದಲ್ಲಿ, ನಾನು ಮಾರುವ ಕೆಂಕೆ ಎಂಬ ಜೋಳದ ಕಡುಬಿನ ಪಾತ್ರೆಯ ಹಿಂದೆ ಕೂತೇ ಕಂಡೆ. ಪಾದಚಾರಿ ಸೇತುವೆಯ ಮೆಟ್ಟಿಲ ಬಳಿ ಅವಳು ಬಂದು ನಿಂತಳು. ಇವನು ಸೀಟಿಯನ್ನು ಜೇಬಿಗೆ ಹಾಕಿ ಕೈ ಚಾಚಿದ. ಚರ್ಚಿಗೆ ಹೊರಟ ಮದುಮಕ್ಕಳ ಹಾಗೆ ಇಬ್ಬರೂ ಮೆಲ್ಲಗೆ ಹತ್ತಿಹೋದರು.

"ಲೇ ಕೊರ್ಕೊರ್, ಏನೋ ಸೀದ ವಾಸನೆ," ಎಂದಳು ಪಕ್ಕದಲ್ಲಿ ಕಡಲೆಕಾಯಿ ಮಾರುವ ಡೇಡೆ ಆಂಟಿ. "ನೀನು ಹುರಿಯೋ ಮೀನೋ, ನಿನ್ನ ಹೊಟ್ಟೆಯೋ?"

"ಮೀನೇ ಆಂಟಿ. ನನಗ್ಯಾಕೆ ಹೊಟ್ಟೆಕಿಚ್ಚು?"

"ಅಲ್ವೇ ಮತ್ತೆ! ನಾಲ್ಕು ದಿನದಿಂದ ಅವಳ ಕೈ ಹಿಡೀತಾನೆ, ನಿನಗ್ಯಾಕೆ?"

ನಾಲ್ಕು ದಿನ! ನನ್ನ ಮೈಯೆಲ್ಲ ಉರಿಯಿತು. ಅಶಿಟೆ ಟ್ರಾಫಿಕ್ ವಾರ್ಡನ್. ರಸ್ತೆಗೆ ನುಗ್ಗುವ ಜನರನ್ನು ತಡೆದು ಸೇತುವೆಗೆ ಅಟ್ಟುವುದು ಅವನ ಕೆಲಸ. ಕೈ ಹಿಡಿದು ಹತ್ತಿಸು ಎಂದು ಯಾವ ಸರ್ಕಾರವೂ ಹೇಳಿಲ್ಲ. ಅದೂ ಬರುವ ಶನಿವಾರ ಅವನ ಮನೆಯವರು ಮದ್ಯದ ಬಾಟಲಿ ಹಿಡಿದು ನಮ್ಮ ಬಾಗಿಲು ತಟ್ಟಿ ಹೆಣ್ಣು ಕೇಳಲು ಬರುವವರಿದ್ದಾಗ.

ಸಂಜೆ ಅವನು ಊಟಕ್ಕೆ ಬಂದ. ಟೋಪಿ ತೆಗೆದು, ಯಾವಾಗಲೂ ನನ್ನನ್ನು ಕರಗಿಸುವ ಹಾಗೆ ಒಂದು ಕಣ್ಣು ಸ್ವಲ್ಪ ಕಿರಿದು ಮಾಡಿ ನಕ್ಕ.

"ಎರಡು ಕೆಂಕೆ. ಖಾರ ಜಾಸ್ತಿ."

"ಖಾರ ಖಾಲಿ."

"ಮುಂದೇನೇ ಇದ್ಯಲ್ಲ?"

"ಅದು ಬೇರೆಯವರಿಗೆ."

"ಕೋಪಾನಾ?"

"ಕೋಪ ಮಾಡ್ಕೊಳ್ಳೋಕೆ ನಾನ್ಯಾರು?"

ಅವಳ್ಯಾರು ಎಂದು ಕೇಳಿದರೆ ನಾನು ಸೋತಂತೆ. ಕೇಳಲಿಲ್ಲ.

ನಮ್ಮಲ್ಲಿ ಹೆಂಗಸರು ಬಾಯಲ್ಲಿ ಆಡಲಾಗದ್ದನ್ನು ಬಟ್ಟೆಯಲ್ಲಿ ಆಡುತ್ತಾರೆ. ಒಂದೊಂದು ಅಚ್ಚಿಗೂ ಒಂದೊಂದು ಮಾತು. ಮರುದಿನ ನಾನು ಪಂಜರದಿಂದ ಹಕ್ಕಿ ಹಾರಿಹೋಗುವ ಅಚ್ಚಿನ ಬಟ್ಟೆ ಉಟ್ಟು ಬಂದೆ. ನೀನು ಹೊರಗೆ ಹೋದರೆ ನಾನೂ ಹೋಗ್ತೀನಿ ಎಂದು ಅದರ ಅರ್ಥ. ಬೀದಿಯ ಹೆಂಗಸರೆಲ್ಲ ಓದಿ ಮುಸಿಮುಸಿ ನಕ್ಕರು. ಅಶಿಟೆ ಮಾತ್ರ ಮೇಲಿಂದ ಕೆಳಗೆ ನೋಡಿ, "ಹಕ್ಕಿ ಚೆನ್ನಾಗಿದೆ," ಎಂದ.

ಮಧ್ಯಾಹ್ನ ಅವನು ರಸ್ತೆಯ ಆಚೆ ಬದಿಯಲ್ಲಿ ನಿಂತು ಮತ್ತೆ ಮತ್ತೆ ಸೇತುವೆಯ ಕಡೆಗೇ ನೋಡುತ್ತಿದ್ದ. ಅವಳನ್ನೇ ಕಾಯುತ್ತಿದ್ದಾನೆ! ನನಗೆ ತಡೆಯಲಾಗಲಿಲ್ಲ. ಸೇತುವೆ ಹತ್ತುವಷ್ಟು ತಾಳ್ಮೆಯೂ ಉಳಿದಿರಲಿಲ್ಲ. ಬಟ್ಟೆ ಎತ್ತಿ ಕಟ್ಟಿ ಸೀದಾ ರಸ್ತೆಗೆ ಇಳಿದೆ.

ಸೀಟಿ ಕೇಳಿಸಿತು. ಆಮೇಲೆ ಜನ ತುಂಬಿದ ಒಂದು ಟ್ರೋಟ್ರೋ ವ್ಯಾನಿನ ಹಾರ್ನ್. ಅಶಿಟೆ ಗಾಡಿಗಳ ನಡುವೆ ಎರಡೂ ಕೈ ಅಗಲಿಸಿ ಓಡಿ ಬಂದ. ವ್ಯಾನು ಅವನ ಮೊಣಕಾಲಿಗೆ ತಾಕುವಷ್ಟು ಹತ್ತಿರ ಬಂದು ನಿಂತಿತು. ಅವನು ನನ್ನ ತೋಳು ಹಿಡಿದು ನಮ್ಮ ಬದಿಗೇ ಎಳೆದು ತಂದ.

"ತಲೆ ಕೆಟ್ಟಿದ್ಯಾ ನಿನಗೆ? ನೀನು ಸತ್ತಿದ್ರೆ ಶನಿವಾರ ನಾನು ಯಾರ ಬಾಗಿಲು ತಟ್ಟಲಿ?"

"ಆ ಸೇತುವೆ ರಾಣಿ ಬಾಗಿಲು ತಟ್ಟು!"

ಅವನು ನನ್ನನ್ನು ಮೆಟ್ಟಿಲ ಬಳಿಗೆ ಕರೆದೊಯ್ದ. 'ಸೇತುವೆ ಬಳಸಿ' ಎಂದು ಬರೆದ ಕೆಂಪು ಹಲಗೆಯನ್ನು ನನ್ನ ಕೈಗಿತ್ತ. ನಮ್ಮ ಸ್ಟಾಪಿನ ವಾರ್ಡನ್‌ಗಳ ಪದ್ಧತಿ ಅದು: ರಸ್ತೆ ದಾಟಿ ಸಿಕ್ಕಿಬಿದ್ದವರು, ಇನ್ನೊಬ್ಬರು ಸಿಕ್ಕಿಬೀಳುವವರೆಗೆ ಮೆಟ್ಟಿಲ ಬಳಿ ನಿಂತು ಜನರನ್ನು ಮೇಲೆ ಕಳಿಸಬೇಕು.

"ನನಗೂ ಶಿಕ್ಷೆನಾ?"

"ನಿನಗೇ ಮೊದಲು," ಎಂದು ಹೊರಟುಹೋದ.

ಡೇಡೆ ಆಂಟಿ ಬಿದ್ದು ಬಿದ್ದು ನಕ್ಕಳು. ನಾನು ಹಲಗೆ ಹಿಡಿದು ನಿಂತಿದ್ದಾಗ ಆ ಸೇತುವೆ ರಾಣಿಯೇ ಬಂದಳು. ಹತ್ತಿರದಿಂದ ಇನ್ನೂ ಚೆಲುವಾಗಿದ್ದಳು, ಹಾಳಾದವಳು.

"ವಾರ್ಡನ್ ಇಲ್ವಾ ಅಕ್ಕ?"

"ಇವತ್ತು ನಾನೇ ವಾರ್ಡನ್. ಹತ್ತಿ."

"ಒಬ್ಬಳೇ ಆಗಲ್ಲ. ಕೈ ಕೊಡ್ತೀರಾ?"

ಬೆರಳು ಮುರಿಯುವ ಹಾಗೆ ಹಿಚುಕಬೇಕೆಂದುಕೊಂಡೇ ಕೈ ಕೊಟ್ಟೆ. ಅವಳ ಅಂಗೈ ಒದ್ದೆಯಾಗಿ ತಣ್ಣಗಿತ್ತು. ಕೆಲವು ಮೆಟ್ಟಿಲು ಹತ್ತುವಷ್ಟರಲ್ಲಿ ಕಣ್ಣು ಮುಚ್ಚಿಕೊಂಡಳು.

"ಎತ್ತರ ಅಂದ್ರೆ ಪ್ರಾಣ ಹೋದಂಗಾಗುತ್ತೆ ಅಕ್ಕ. ಹೊಸದಾಗಿ ಆಚೆ ಬದಿ ಟೈಲರ್ ಅಂಗಡಿಗೆ ಸೇರಿದೀನಿ. ಮೊದಲ ದಿನ ಕೆಳಗೇ ಓಡಿ ದಾಟಿದೆ, ವಾರ್ಡನ್ ಹಿಡಿದ್ರು. ಅತ್ತುಬಿಟ್ಟೆ. ಯಾರಿಗೂ ಹೇಳ್ಬೇಡಿ, ನಗ್ತಾರೆ ಅಂತ ಬೇಡಿಕೊಂಡೆ. ಹೇಳಲ್ಲ, ದಿನಾ ಹತ್ತಿಸ್ತೀನಿ ಅಂದ್ರು."

ಅವಳ ಹೆಸರು ಎನ್ಯೋನಮ್. ಸೇತುವೆಯ ನಡುವೆ ಬಂದಾಗ ಕೆಳಗೆ ಲಾರಿ ಹೋಗಿ ಕಾಲಡಿಯ ಹಲಗೆ ನಡುಗಿತು. ಅವಳು ನನ್ನನ್ನು ಗಟ್ಟಿಯಾಗಿ ಅವುಚಿಕೊಂಡಳು.

"ಒಂದು ಮಾತು ಹೇಳ್ತೀನಿ, ಬೈಬೇಡಿ," ಎಂದಳು. "ಅವರ ಮೇಲೆ ನನಗೂ ಆಸೆ ಆಗಿತ್ತು."

ಆ ಕೈಯನ್ನು ಅಲ್ಲೇ ಕೊಡವಿ ಬಿಡಬೇಕೆನಿಸಿತು. ಬಿಟ್ಟರೆ ಅವಳು ಅಲ್ಲೇ ಕುಸಿಯುತ್ತಿದ್ದಳು. ಬಿಡಲಿಲ್ಲ.

"ಆದ್ರೆ ಏನು ಪ್ರಯೋಜನ? ಮೊದಲ ದಿನಾನೇ ನಿಮ್ಮನ್ನ ತೋರಿಸಿದ್ರು. ಹತ್ತೋವಾಗ್ಲೂ ಇಳಿಯೋವಾಗ್ಲೂ ನಿಮ್ದೇ ಮಾತು. ಕೊರ್ಕೊರ್ ಹಾಗೆ ನಗ್ತಾಳೆ, ಕೊರ್ಕೊರ್ ಹೀಗೆ ಬೈತಾಳೆ... ಕೇಳಿ ಕೇಳಿ ನನಗೆ ಸಾಕಾಗಿದೆ."

ನನಗೆ ನಾಚಿಕೆಯಾಯಿತು. ಖುಷಿಯೂ ಆಯಿತು. ಸುಳ್ಳೇಕೆ, ಹೊಟ್ಟೆಕಿಚ್ಚು ಪೂರ್ತಿ ಆರಲಿಲ್ಲ.

ಶನಿವಾರ ಅಶಿಟೆಯ ಮನೆಯವರು ಬಾಗಿಲು ತಟ್ಟಿದರು. ಹೆಣ್ಣು ಮೂರು ಸಲ ಹೌದು ಅಂದರೆ ಮಾತ್ರ ಒಪ್ಪಿಗೆ ಎಂಬ ಪದ್ಧತಿಯಂತೆ ನಮ್ಮ ದೊಡ್ಡಮ್ಮ ಎಲ್ಲರ ಮುಂದೆ ನನ್ನನ್ನು ಕೇಳಿದಳು, "ಇವರ ಬಾಟಲಿ ತಗೊಳ್ಳೋಣ್ವಾ, ಮಗಳೇ?" ಹೌದು ಎಂದೆ. ಎರಡನೇ ಸಲ ಕೇಳಿದಳು. ಹೌದು ಎಂದೆ. ಮೂರನೇ ಸಲ ಕೇಳಿದಾಗ ಸುಮ್ಮನಾದೆ. ಅಶಿಟೆಯ ಮುಖ ಬಾಡಿತು.

"ಒಂದು ಷರತ್ತು ದೊಡ್ಡಮ್ಮ. ಸೋಮವಾರದಿಂದ ಎನ್ಯೋನಮ್‌ಳನ್ನ ಸೇತುವೆ ಹತ್ತಿಸೋದು ನಾನು. ಇವರು ಕೆಳಗೆ ಸೀಟಿ ಊದ್ಕೊಂಡಿರ್ಲಿ."

"ಇನ್ನೂ ನನ್ನ ಮೇಲೆ ನಂಬಿಕೆ ಇಲ್ವಾ?" ಎಂದ ಅಶಿಟೆ.

"ನಂಬಿಕೆ ಇದೆ. ಹೊಟ್ಟೆಕಿಚ್ಚೂ ಇದೆ. ಎರಡನ್ನೂ ಸೇರಿಸಿ ಕರ್ಕೊಂಡು ಹೋಗೋದಾದ್ರೆ ಬಾಟಲಿ ಇಡಿ."

ಅವನ ಸೋದರಮಾವ ಬಾಟಲಿ ಹಿಡಿದುಕೊಂಡು ಯೋಚಿಸುತ್ತ ಕೂತ. ಅಶಿಟೆ ಅದನ್ನು ಕಿತ್ತುಕೊಂಡು ನನ್ನ ಮುಂದೆ ಇಟ್ಟೇಬಿಟ್ಟ.